ಎರಡು ದಿನ ನೀರು ಕಾಣದ ದೋಣಿ

ಕಾಂಕ್ರೀಟಿನಲ್ಲಿ ದೋಣಿ ಮಾಡಿ ಕೆರೆಗೆ ಬಿಡುತ್ತೇವೆ ಎಂದು ನಾನು ಮನೆಯಲ್ಲಿ ಹೇಳಿದ ದಿನ ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಅಪ್ಪ ಗುಬ್ಬಿಯಲ್ಲಿ ಗಾರೆ ಮೇಸ್ತ್ರಿ. ನಾನು ಹುಟ್ಟುವುದಕ್ಕೆ ಮುಂಚಿನಿಂದಲೂ ಊರವರ ಮನೆಗಳಿಗೆ ತಾರಸಿ ಹಾಕಿಸುತ್ತ ಬಂದವನು.

“ಅದು ತೇಲ್ತದೇನವ್ವ?”

“ತೇಲುತ್ತೆ ಅಪ್ಪ. ತೆಳ್ಳಗೆ, ಹಗುರಕ್ಕೆ ಮಾಡಿದ್ರೆ ತೇಲುತ್ತೆ. ಕಬ್ಬಿಣದ ಹಡಗು ತೇಲಲ್ವಾ?”

“ಹಡಗ ನಾನೆಲ್ಲಿ ನೋಡಿದೀನಿ ಬುಡು,” ಎಂದು ಅಪ್ಪ ಮತ್ತೆ ತಟ್ಟೆಗೆ ಕೈ ಹಾಕಿದ. ಆದರೆ ಆವತ್ತು ಸಂಜೆ ಪಕ್ಕದ ಮನೆಯವರಿಗೆ, “ನಮ್ ಹುಡುಗಿ ಸಿಮೆಂಟಲ್ಲಿ ದೋಣಿ ಮಾಡ್ತಾಳಂತೆ,” ಎಂದು ಹೇಳುವುದು ನನಗೆ ಒಳಗಿನಿಂದಲೇ ಕೇಳಿಸಿತು. ದನಿಯಲ್ಲಿ ನಗುವಿತ್ತು. ಆ ನಗುವಿನ ಕೆಳಗೆ ಹೆಮ್ಮೆಯೂ ಇತ್ತು.

ನಾನಾಗ ತುಮಕೂರಿನ ಒಂದು ಕಾಲೇಜಿನಲ್ಲಿ ಸಿವಿಲ್ ಇಂಜಿನಿಯರಿಂಗಿನ ಕೊನೇ ವರ್ಷದಲ್ಲಿದ್ದೆ. ಗುಬ್ಬಿಯಿಂದ ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ವಾಪಸು ಬರುತ್ತಿದ್ದೆ. ಆ ವರ್ಷ ಬೆಂಗಳೂರಿನ ಒಂದು ಕಾಲೇಜಿನವರು ವಿದ್ಯಾರ್ಥಿಗಳೇ ಕಟ್ಟಿದ ಕಾಂಕ್ರೀಟ್ ದೋಣಿಗಳ ರೇಸ್ ಇಟ್ಟಿದ್ದರು. ನಿಯಮಗಳು ಕೆಲವೇ. ದೋಣಿಯಲ್ಲಿ ಇಬ್ಬರು ಕೂತು ಹುಟ್ಟು ಹಾಕಬೇಕು. ರೇಸಿಗೆ ಮುಂಚೆ ದೋಣಿಗೆ ಪೂರ್ತಿ ನೀರು ತುಂಬಿಸಿ ಮುಳುಗಿಸುತ್ತಾರೆ, ಕೈ ಬಿಟ್ಟರೆ ಅದು ತಾನಾಗಿ ಮೇಲೆ ಬರಬೇಕು. ಒಳಗೆ ಥರ್ಮಾಕೋಲ್ ಗಟ್ಟಿ, ಖಾಲಿ ಡಬ್ಬ ಏನನ್ನೂ ಕಟ್ಟುವಂತಿಲ್ಲ. ಅಂದರೆ ಕಾಂಕ್ರೀಟೇ ನೀರಿಗಿಂತ ಹಗುರವಾಗಿರಬೇಕು.

ಅದನ್ನೇ ಕೊನೇ ವರ್ಷದ ಪ್ರಾಜೆಕ್ಟಾಗಿ ತೆಗೆದುಕೊಂಡೆವು. ತಂಡದಲ್ಲಿ ಇದ್ದದ್ದು ನಾವು ಮೂವರು. ಒಬ್ಬಳು ತುಮಕೂರಿನದೇ ಉಪ್ಪಾರಹಳ್ಳಿ ಬಡಾವಣೆಯ ನನ್ನ ಗೆಳತಿ. ಮೊದಲ ಸೆಮಿಸ್ಟರಿನಿಂದ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವಳ ಅಪ್ಪನದು ಬಾಗಿಲು, ಮಂಚ, ಸೋಫಾ ಮಾಡುವ ಮರಗೆಲಸದ ಅಂಗಡಿ. ಇನ್ನೊಬ್ಬ ಕುಣಿಗಲ್ ತಾಲ್ಲೂಕಿನ ಹುಡುಗ. ಮಾರ್ಕೋನಹಳ್ಳಿ ಡ್ಯಾಮಿನ ಹಿನ್ನೀರಿಗೆ ಹತ್ತಿರದ ಊರು ಅವನದು. ಅವನ ಸೋದರಮಾವ ಅಲ್ಲಿ ತೆಪ್ಪದಲ್ಲಿ ಮೀನು ಹಿಡಿಯುತ್ತಿದ್ದ. ಮೂವರಲ್ಲಿ ಈಜು ಬರುತ್ತಿದ್ದದ್ದು ಇವನೊಬ್ಬನಿಗೇ.

ಕ್ಯಾಂಟೀನಿನ ಕಲ್ಲುಬೆಂಚಿನ ಮೇಲೆ ಗ್ರಾಫ್ ಹಾಳೆ ಹರಡಿ ಕೆಲಸ ಹಂಚಿಕೊಂಡೆವು. ದೋಣಿಯ ಆಕಾರ, ರೇಸಿಗೆ ಕೂರುವ ನಮ್ಮಿಬ್ಬರಿಗೆ ಹುಟ್ಟು ಹಾಕಲು ಕಲಿಸುವುದು ಅವನದು. ಕಾಂಕ್ರೀಟಿನ ಮಿಕ್ಸ್ ಗೆಳತಿಯದು. ಮರಳಿನ ಬದಲು ಸಾಸಿವೆಕಾಳಿನಂಥ ಥರ್ಮಾಕೋಲ್ ಮಣಿಗಳು, ಹಗುರವಾದ ಬಿಳಿ ಪುಡಿ ಹಾಕಿ ಎಷ್ಟು ಸಿಮೆಂಟಿಗೆ ಎಷ್ಟು ಎಂದು ಲೆಕ್ಕ ಹಾಕುವುದು. ಎರಕ ಹೊಯ್ಯುವುದು, ಆಮೇಲೆ ಕ್ಯೂರಿಂಗ್ ಮಾಡುವುದು, ಎಂದರೆ ಕಾಂಕ್ರೀಟ್ ಒಣಗದಂತೆ ದಿನವೂ ನೀರು ಹಾಕಿ ಗಟ್ಟಿ ಮಾಡುವುದು, ನನ್ನದು. ಅದನ್ನು ನಾನೇ ಕೇಳಿ ತಗೊಂಡೆ.

“ಮೇಸ್ತ್ರಿ ಮಗಳು ಕಣ್ರೋ ನಾನು,” ಎಂದೆ. “ನಡೆಯೋಕ್ ಕಲಿಯೋ ಮುಂಚೆ ತಾರಸಿಗೆ ನೀರ್ ಹಾಕೋದು ಕಲ್ತಿದೀನಿ.”

ಸುಳ್ಳಲ್ಲ ಅದು. ರಜಾ ದಿನಗಳಲ್ಲಿ ಅಪ್ಪನ ಕೆಲಸದ ಜಾಗಕ್ಕೆ ಬುತ್ತಿ ಕೊಡಲು ಹೋದಾಗ, ಹೊಸ ತಾರಸಿಯ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸುವುದನ್ನು ನೋಡುತ್ತಲೇ ಬೆಳೆದವಳು ನಾನು.

ಗೆಳತಿಯ ಅಪ್ಪ ಕೈಯಲ್ಲಿದ್ದ ಕೆಲಸ ಬದಿಗಿಟ್ಟು ವಾರವಿಡೀ ಕೂತು ಹದಿನಾರು ಅಡಿ ಉದ್ದದ ಮರದ ಅಚ್ಚು ಮಾಡಿಕೊಟ್ಟರು. ಬೋರಲು ಹಾಕಿದ ದೋಣಿಯಂತಿತ್ತು ಅದು. ಪಾಲಿಶ್ ಕಾಗದದಿಂದ ಉಜ್ಜಿ ಉಜ್ಜಿ, “ಕೈ ಆಡ್ಸಿ ನೋಡು ಬೇಟಾ, ಎಲ್ಲಾದ್ರೂ ಚುಚ್ಚುತ್ತಾ?” ಎಂದು ನನ್ನಿಂದ ಮುಟ್ಟಿಸಿ ನೋಡಿದರು. ಕಾಲೇಜಿನ ಲ್ಯಾಬಿನ ಹಿಂದೆ ಒಂದು ತಗಡಿನ ಶೆಡ್ ಇತ್ತು. ಅಚ್ಚನ್ನು ಅಲ್ಲಿಗೆ ಸಾಗಿಸಿದೆವು. ಶೆಡ್ಡಿನ ಬೀಗದ ಕೈ ಒಂದೇ ಇತ್ತು. ಕ್ಯೂರಿಂಗ್ ನನ್ನದಾದ್ದರಿಂದ ಅದು ನನ್ನ ಹತ್ತಿರವೇ ಉಳಿಯಿತು.

ಯುಗಾದಿ ಹತ್ತಿರವಿದ್ದ ಒಂದು ಶನಿವಾರ ಎರಕ ಹೊಯ್ದೆವು. ಅಚ್ಚಿನ ಮೇಲೆ ಬಲೆ ಹಾಸಿ, ಅರ್ಧ ಇಂಚು ದಪ್ಪಕ್ಕೆ ಕಾಂಕ್ರೀಟನ್ನು ಅಂಗೈಯಲ್ಲೇ ಒತ್ತಿ ಒತ್ತಿ ಮೆತ್ತಿದೆವು. ರಂಜಾನ್ ತಿಂಗಳು. ಗೆಳತಿ ರೋಜಾ ಇದ್ದಳು. ಮುಂಜಾನೆಯಿಂದ ಒಂದು ಹನಿ ನೀರು ಮುಟ್ಟದೆ ಆ ತಗಡಿನ ಕಾವಿನಲ್ಲಿ ನಿಂತು ಪ್ರತಿ ಬಾಣಲೆ ಮಿಕ್ಸನ್ನೂ ತಾನೇ ತೂಗಿ ಕೊಟ್ಟಳು. ಸಂಜೆ ದೋಣಿಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿದಾಗ ಮೂವರೂ ಅದನ್ನೇ ನೋಡುತ್ತ ನಿಂತಿದ್ದೆವು. ಭಾನುವಾರ ಒಟ್ಟಿಗೇ ಬಂದು ನೀರು ಹಾಕಿದೆವು. ಸೋಮವಾರ, ಮಂಗಳವಾರ ನಾನು ನೋಡಿಕೊಳ್ಳಬೇಕಿತ್ತು. ಯುಗಾದಿ ಮಂಗಳವಾರ.

“ನಿಂಗೆ ಹಬ್ಬ ಅಲ್ವೇನೇ? ಬೀಗದ ಕೈ ಕೊಡು, ನಾನ್ ಬಂದು ಹಾಕ್ತೀನಿ. ನಮ್ಮನೆಯಿಂದ ಹತ್ತೇ ನಿಮಿಷ,” ಎಂದಳು ಗೆಳತಿ.

“ರೋಜಾ ಇಟ್ಕೊಂಡು ಈ ಬಿಸ್ಲಲ್ಲಿ ಯಾಕೆ ಬರ್ತೀಯ? ನಾನ್ ಬರ್ತೀನಿ ಬಿಡು,” ಎಂದೆ.

ಕೇಳಿದವರಿಗೆ ಅದು ಪ್ರೀತಿಯ ಮಾತು. ನಿಜ ಏನೆಂದರೆ, ಸೋಮವಾರ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಸಂದರ್ಶನವಿತ್ತು. ಸಿಮೆಂಟ್ ಇಟ್ಟಿಗೆ ಮಾಡುವ ಕಡೆ, ಗುಣಮಟ್ಟ ನೋಡುವ ಕೆಲಸ. ಬೇಕಾಗಿದ್ದದ್ದು ಒಬ್ಬರೇ. ಫೋನಿಗೆ ಬಂದ ಆ ಜಾಹೀರಾತನ್ನು ಓದಿದ ಕೂಡಲೇ ನನಗೆ ಹೊಳೆದದ್ದು ಗೆಳತಿಯ ಮುಖ. ಆ ಕೆಲಸಕ್ಕೆ ನನಗಿಂತ ಯೋಗ್ಯಳು ಅವಳು. ಕೆಲಸ ಬೇಕು ಎಂದು ತಿಂಗಳಿನಿಂದ ಹುಡುಕುತ್ತಲೂ ಇದ್ದಳು. ಅದಕ್ಕೇ ನಾನು ಹೇಳಲಿಲ್ಲ. ಬೀಗದ ಕೈ ಕೊಟ್ಟಿದ್ದರೆ, ಸೋಮವಾರ ಎಲ್ಲಿಗೆ ಹೋಗ್ತೀಯ ಎಂದು ಕೇಳುತ್ತಿದ್ದಳು.

ಮಧ್ಯಾಹ್ನಕ್ಕೆ ಮುಗಿಯುತ್ತದೆ, ಬಂದು ನೀರು ಹಾಕಿದರಾಯಿತು ಎಂದುಕೊಂಡು ಹೋದೆ. ಅಲ್ಲಿ ಕಾಯಿಸಿದರು. ನನ್ನ ಹೆಸರು ಕೂಗುವಾಗ ಬಿಸಿಲು ಇಳಿದಿತ್ತು. ಬಸ್ಸು ಹಿಡಿದು ತುಮಕೂರಿಗೆ ಬಂದಾಗ ಸಂಜೆಯ ರೈಲಿಗೆ ಅಷ್ಟೇ ಹೊತ್ತಿತ್ತು. ಗೋಣಿಚೀಲ ಇನ್ನೂ ಒದ್ದೆಯಿರುತ್ತದೆ, ನಾಳೆ ಬೆಳಗ್ಗೆ ಬಂದರಾಯಿತು ಎಂದು ರೈಲು ಹತ್ತಿಬಿಟ್ಟೆ.

ಮಾರನೇ ದಿನ ಹಬ್ಬ. ತಲೆಗೆ ಎಣ್ಣೆ ಹಚ್ಚಿ ಕೂರಿಸಿದ ಅಮ್ಮ, “ವರ್ಷಕ್ಕೊಂದ್ ದಿನ, ಅದ್ಯಾವ ಕಾಲೇಜೇ?” ಎಂದಳು. ನಾನು ಹಟ ಮಾಡಲಿಲ್ಲ. ಹೋಳಿಗೆ ತಿನ್ನುತ್ತಿರುವಾಗ ಗೆಳತಿಯ ಮೆಸೇಜ್ ಬಂತು: “ನೀರು ಹಾಕಿದ್ಯಾ?” ಎಡಗೈಯಲ್ಲೇ ಟೈಪ್ ಮಾಡಿದೆ: “ಹಾಕ್ದೆ ಕಣೇ.”

ಬುಧವಾರ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಶೆಡ್ಡಿಗೆ ಹೋದೆ. ಬಾಗಿಲು ತೆಗೆದರೆ ಒಲೆಯ ಬಾಯಿಯಂತೆ ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಗೋಣಿಚೀಲಗಳು ಸೆಟೆದು ಹಪ್ಪಳವಾಗಿದ್ದವು. ಒಂದನ್ನು ಎತ್ತಿ ನೋಡಿದೆ. ಶನಿವಾರ ಕಪ್ಪು ಬೂದಿ ಬಣ್ಣದಲ್ಲಿದ್ದ ದೋಣಿ ಬೆಳ್ಳಗೆ ಬಿಳಿಚಿಕೊಂಡಿತ್ತು. ಕೂದಲೆಳೆಯಂಥ ಗೀರುಗಳು ಅಲ್ಲಲ್ಲಿ. ಓಡಿ ಓಡಿ ಬಕೆಟ್ಟಿನಲ್ಲಿ ನೀರು ತಂದು ಸುರಿದೆ. ಎಷ್ಟು ಸಲ ತಂದೆನೋ ಗೊತ್ತಿಲ್ಲ. ಅವರಿಬ್ಬರು ಬರುವ ಹೊತ್ತಿಗೆ ಎಲ್ಲವೂ ತೊಯ್ದು, ನೆಲದಲ್ಲೂ ನೀರು ನಿಂತಿತ್ತು.

“ಸರಿಯಾಗ್ ಹಾಕಿದ್ಯ ಕಣೇ ಮೇಸ್ತ್ರಿ ಮಗ್ಳೇ,” ಎಂದು ಕುಣಿಗಲ್ ಹುಡುಗ ನಕ್ಕ.

ಎರಡು ವಾರದ ಮೇಲೆ ಅಚ್ಚು ಬಿಡಿಸಿದೆವು. ಒಂದು ತುದಿ ನಮ್ಮ ಗೈಡ್ ಸರ್ ಮತ್ತು ಹುಡುಗ, ಇನ್ನೊಂದು ತುದಿ ನಾವಿಬ್ಬರು ಹಿಡಿದಿದ್ದೆವು. ಮಂಡಿಯೆತ್ತರಕ್ಕೆ ಬಂದಿತ್ತಷ್ಟೇ. ತೆಂಗಿನ ಚಿಪ್ಪು ಒಡೆದಂಥ ಸದ್ದಾಯಿತು. ದೋಣಿ ನಡುವಿಗೇ ಸೀಳಿ, ಎರಡು ಹೋಳು ಒಳಗಿನ ಬಲೆಯಿಂದಷ್ಟೇ ಜೋತಾಡುತ್ತಿದ್ದವು. ಗೆಳತಿ ಹಿಡಿದದ್ದನ್ನು ಬಿಡಲೇ ಇಲ್ಲ. ಹಾಗೇ ನೆಲಕ್ಕೆ ಕೂತಳು.

ಗೈಡ್ ಸರ್ ಒಂದು ಚೂರು ಎತ್ತಿ ಬೆರಳಲ್ಲಿ ಒತ್ತಿ ಪುಡಿ ಮಾಡಿದರು. “ಮಿಕ್ಸ್ ವೀಕ್ ಆಗಿದೆ ಕಣಮ್ಮ. ಹಗುರ ಮಾಡೋಕ್ ಹೋಗಿ ಸಿಮೆಂಟ್ ಕಡಿಮೆ ಮಾಡ್ಬಿಟ್ಟಿದೀಯ.”

“ಸರ್, ಕ್ಯೂಬ್ ಟೆಸ್ಟಲ್ಲಿ ಪಾಸಾಗಿದೆಯಲ್ಲ ಸರ್,” ಎಂದಳು ಅವಳು. ಅದೇ ಮಿಕ್ಸಿನಲ್ಲಿ ಅದೇ ದಿನ ಎರಕ ಹೊಯ್ದ ಸಣ್ಣ ಘನಗಳು ಲ್ಯಾಬಿನ ನೀರಿನ ತೊಟ್ಟಿಯಲ್ಲಿದ್ದವು. ಅವು ಕಲ್ಲಿನಂತೆ ಗಟ್ಟಿಯಾಗಿದ್ದವು.

“ಕ್ಯೂಬೇ ಬೇರೆ, ದೋಣಿನೇ ಬೇರೆ. ದೋಣಿ ಬಿಟ್ಟು ಸುಮ್ನೆ ಇಟ್ಟಿಗೆ ಮೇಲೆ ಒಂದು ಪ್ರಾಜೆಕ್ಟ್ ರಿಪೋರ್ಟ್ ಬರ್ದು ಕೊಡಿ. ಟೈಮ್ ಇಲ್ಲ.”

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆದರೆ ಒಂದೇ ವಾಕ್ಯ ಸಾಕಿತ್ತು. ತೆರೆಯಲಿಲ್ಲ.

ಆಮೇಲಿನ ಹತ್ತು ದಿನವೂ ಗೆಳತಿ ಬಿಡಲಿಲ್ಲ. ತೊಟ್ಟಿಯ ಘನ ಗಟ್ಟಿ, ದೋಣಿ ಪುಡಿ, ಯಾಕೆ? ಲೈಬ್ರರಿಯಲ್ಲಿ, ಕ್ಯಾಂಟೀನಿನಲ್ಲಿ, ಅವಳ ನೋಟ್‌ಬುಕ್ಕಿನ ಪ್ರತಿ ಹಾಳೆಯಲ್ಲಿ ಅದೇ ಪ್ರಶ್ನೆ. ಮಣಿಗಳು ತೇಲಿ ಮೇಲೆ ಬಂದವಾ? ನೀರು ಜಾಸ್ತಿ ಆಯಿತಾ? ನನ್ನನ್ನೂ ಕೂರಿಸಿಕೊಂಡು ಕೇಳುತ್ತಿದ್ದಳು. ನಾನು ಅವಳ ಜೊತೆ ಕೂತು ಇಲ್ಲದ ಕಾರಣಗಳನ್ನು ಹುಡುಕಿದೆ. “ಇರಬಹುದು,” ಎಂದೆ. “ತೂಕದ ಮಷಿನ್ ಸರಿ ಇತ್ತಾ?” ಎಂದೂ ಕೇಳಿದೆ. ಹಾಗೆ ಕೇಳಿದವಳು ನಾನು. ಒಂದು ದಿನ ಅವಳ ಮನೆಗೂ ಹೋದೆ. ಅವಳ ಅಪ್ಪ, “ಅಚ್ಚು ಹಾಳಾಗಿಲ್ಲ ಬೇಟಾ, ಇನ್ನೊಂದ್ ಮಾಡಿ,” ಎಂದರು.

ಅದೇ ವಾರ ಕಾರ್ಖಾನೆಯಿಂದ ನನಗೆ ಕೆಲಸ ಸಿಕ್ಕಿದೆ ಎಂದು ಮೇಲ್ ಬಂತು. ಮನೆಯಲ್ಲಿ ಹೇಳಲಿಲ್ಲ. ಉತ್ತರವನ್ನೂ ಬರೆಯಲಿಲ್ಲ.

ಕೊನೆಗೆ ಗೆಳತಿ ಹೊಸ ಮಿಕ್ಸ್ ಬರೆದುಕೊಂಡು ಬಂದಳು. ಮಣಿ ಅರ್ಧಕ್ಕರ್ಧ ಕಡಿಮೆ, ಸಿಮೆಂಟ್ ಹೆಚ್ಚು, ಮರಳೂ ಸೇರಿತ್ತು. ಕುಣಿಗಲ್ ಹುಡುಗ ಲೆಕ್ಕ ನೋಡಿ, “ಇದು ನೀರಿಗಿಂತ ಭಾರ ಆಯ್ತದಲ್ಲ. ನೀರ್ ತುಂಬ್ಸಿದ್ರೆ ಸೀದಾ ತಳಕ್ಕೆ. ಮೇಲೆ ಬರಲ್ಲ,” ಎಂದ.

“ಗೊತ್ತು,” ಎಂದಳು ಅವಳು. “ಒಡೆಯೋದಾದ್ರೂ ಬೇಡ. ರೇಸ್ ಹೋದ್ರೆ ಹೋಗ್ಲಿ. ಒಂದು ದೋಣಿ ಮಾಡಿದ್ವಿ ಅಂತಾದ್ರೂ ಆಗ್ಲಿ.”

ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. ಸರಿಯಾದದ್ದನ್ನು ಅವಳೇ ಕೈಯಾರೆ ಕೆಡಿಸಿಕೊಳ್ಳುತ್ತಿದ್ದಳು, ನಾನು ನೋಡುತ್ತಿದ್ದೆ.

ಆ ಸಂಜೆ ಒಡೆದ ದೋಣಿಯ ಒಂದು ಚೂರನ್ನು ಬ್ಯಾಗಿನಲ್ಲಿ ಹಾಕಿಕೊಂಡು ಗುಬ್ಬಿಗೆ ಹೋದೆ. ಯಾಕೆ ಹಾಕಿಕೊಂಡೆನೋ ತಿಳಿಯದು. ಅಪ್ಪ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಚೂರನ್ನು ಅವನ ಕೈಗಿಟ್ಟೆ. ತಿರುಗಿಸಿ ನೋಡಿದ. ಹೆಬ್ಬೆರಳಿನ ಉಗುರಿನಿಂದ ಕೆರೆದ. ಬಿಳೀ ಧೂಳು ಉದುರಿತು. ಮೂಸಿ ನೋಡಿದ.

“ಮಾಲು ಚೆನ್ನಾಗೈತೆ,” ಎಂದ. “ಇದ್ಕೆ ನೀರ್ ಹಾಕಿಲ್ಲ.”

ಚೂರನ್ನು ಬೆಳಕಿಗೆ ಹಿಡಿದ.

“ಹಸಿ ಇದ್ದಾಗ್ಲೇ ಒಣಗ್ಸವ್ರೆ. ಯಾರವ್ವ ನೀರ್ ಹಾಕ್ತಿದ್ದೋರು?”

“ನಾನೇ ಅಪ್ಪ.”

ಅಪ್ಪ ಬಯ್ಯಲಿಲ್ಲ. ಚೂರನ್ನು ಪಕ್ಕಕ್ಕಿಟ್ಟ. ನಾನು ಅಳುತ್ತ ಎಲ್ಲವನ್ನೂ ಹೇಳಿದೆ. ಸಂದರ್ಶನ, ಮೆಸೇಜು, ಬಕೆಟ್ಟು.

“ಎಲ್ರೂ ತಪ್ಪು ಮಾಡ್ತಾರೆ ಕಣವ್ವ. ನಾನೂ ಒಂದ್ ಮನೆ ಕಿಟಕಿ ಸಜ್ಜ ಬೀಳ್ಸಿದೀನಿ,” ಎಂದ ಕೊನೆಗೆ. “ಆದ್ರೆ ಆ ಹುಡ್ಗಿ ತನ್ದಲ್ಲದ ತಪ್ನ ಹೊತ್ಕೊಂಡವ್ಳೆ. ನಾಳೆನೇ ಇಳ್ಸು ಅದ್ನ.”

ಮಾರನೇ ದಿನ ಶೆಡ್ಡಿನಲ್ಲಿ ಇಬ್ಬರೂ ಇದ್ದರು. ಗೆಳತಿ ಹೊಸ ಮಿಕ್ಸಿಗೆ ಮರಳು ಜರಡಿ ಹಿಡಿಯುತ್ತಿದ್ದಳು. ನಿಂತಲ್ಲೇ ಹೇಳಿದೆ. ಒಂದೇ ಉಸಿರಿಗೆ ಹೇಳಬೇಕೆಂದುಕೊಂಡಿದ್ದೆ. ಆಗಲಿಲ್ಲ, ತಡವರಿಸಿ ತಡವರಿಸಿ ಹೇಳಿದೆ. ಜರಡಿಯ ಸದ್ದು ನಿಂತಿತು. ಅವಳು ಕೈ ಒರೆಸಿಕೊಂಡು ಫೋನ್ ತೆಗೆದು, ಹುಡುಕಿ, ನನ್ನ ಮುಖದ ಮುಂದೆ ಹಿಡಿದಳು. “ಹಾಕ್ದೆ ಕಣೇ.”

“ಇದನ್ನ ಎಲ್ಲಿ ಕೂತು ಕಳಿಸಿದ್ದು?”

“ಮನೇಲಿ.”

“ಹತ್ತು ದಿನ,” ಎಂದಳು. “ಹತ್ತು ದಿನ ನನ್ ಪಕ್ಕದಲ್ಲೇ ಕೂತಿದ್ದೆ ನೀನು. ತೂಕದ ಮಷಿನ್ ಸರಿ ಇತ್ತಾ ಅಂತ ಕೇಳ್ದೆ.”

ಕಾರ್ಖಾನೆಯ ಕೆಲಸಕ್ಕೆ ಹೋಗುವುದಿಲ್ಲ, ಬೇಕಾದರೆ ಅವರಿಗೆ ನಿನ್ನ ವಿಷಯ ಹೇಳುತ್ತೇನೆ ಎಂದೆ. ಆಗ ಅವಳಿಗೆ ನಿಜವಾಗಿ ಸಿಟ್ಟು ಬಂತು.

“ಸೇರ್ಕೋ. ನನ್ ಹೆಸರಲ್ಲಿ ತ್ಯಾಗ ಗೀಗ ಎಲ್ಲ ಮಾಡ್ಬೇಡ. ಅದನ್ನೂ ನಾನೇ ಹೊರಬೇಕಾ?”

ಹೊರಗೆ ಹೋದಳು. ಕುಣಿಗಲ್ ಹುಡುಗ ನನ್ನ ಕಡೆ ನೋಡದೆ ಜರಡಿಯಲ್ಲಿದ್ದ ಮರಳನ್ನು ಮತ್ತೆ ಚೀಲಕ್ಕೆ ಸುರಿಯತೊಡಗಿದ. ಅರ್ಧ ಗಂಟೆಯ ಮೇಲೆ ಅವಳು ವಾಪಸು ಬಂದಾಗ ಮುಖ ತೊಳೆದುಕೊಂಡಿದ್ದಳು. ನೋಟ್‌ಬುಕ್ಕಿನ ಹೊಸ ಮಿಕ್ಸಿನ ಹಾಳೆ ಹರಿದು ಹಾಕಿ, “ಹಳೇ ಮಿಕ್ಸೇ,” ಎಂದಳು ಅವನಿಗೆ. ನನಗಲ್ಲ. ಆಮೇಲೆ ನನ್ನ ಮುಂದೆ ಕೈ ಚಾಚಿದಳು. ಬೀಗದ ಕೈ ಕೊಟ್ಟೆ.

ಗೈಡ್ ಸರ್ ಹತ್ತಿರ ನಾನೇ ಹೋಗಿ ಹೇಳಿದೆ. ತಲೆಯೆತ್ತಿ ಒಮ್ಮೆ ನೋಡಿ, “ಸರಿ, ಇದು ಕೊನೇ ಚಾನ್ಸ್,” ಎಂದರು.

ಎರಡನೇ ದೋಣಿಗೆ ಅಪ್ಪನೂ ಬಂದ. ವಿದ್ಯಾರ್ಥಿಗಳೇ ಮಾಡಬೇಕೆಂಬ ನಿಯಮವಿದ್ದದ್ದರಿಂದ ಕೈ ಹಾಕದೆ ಶೆಡ್ಡಿನ ಮೂಲೆಯಲ್ಲಿ ನಿಂತು, “ಅಲ್ ಪೊಳ್ಳು ಐತೆ ನೋಡು ಮಗ, ಒತ್ತು,” ಎಂದು ಗೆಳತಿಗೆ ಹೇಳುತ್ತಿದ್ದ. ಅವಳು ಅಪ್ಪನ ಜೊತೆ ಚೆನ್ನಾಗಿಯೇ ಮಾತಾಡಿದಳು. ನನ್ನ ಜೊತೆ ಬೇಕಾದಷ್ಟೇ: “ಬಾಣಲೆ ಕೊಡು.” “ಬಲೆ ಎಳಿ.” ನಾನು ಬೀಗದ ಕೈ ಕೇಳಲಿಲ್ಲ, ಪಾಳಿಯನ್ನೂ ಕೇಳಲಿಲ್ಲ. ಅವಳು ನೀರು ಹಾಕಲು ಬರುವ ಹೊತ್ತಿಗೆ ಬಾಗಿಲ ಹೊರಗೆ ತುಂಬಿದ ಬಕೆಟ್ಟುಗಳನ್ನು ಸಾಲಾಗಿ ಇಟ್ಟಿರುತ್ತಿದ್ದೆ. ಅವಳು ಅವನ್ನೇ ಬಳಸುತ್ತಿದ್ದಳು.

ಈ ಸಲ ಅಚ್ಚು ಬಿಡಿಸಿದಾಗ ದೋಣಿ ಇಡಿಯಾಗಿ ಎದ್ದು ಬಂತು. ಗೆಳತಿ ಮಂಡಿಯೂರಿ ಅದರ ಒಳಗೆಲ್ಲ ಕೈಯಾಡಿಸಿದಳು.

ಮಾರ್ಕೋನಹಳ್ಳಿಯ ಹಿನ್ನೀರಿಗೆ ಅದನ್ನು ಟೆಂಪೋದಲ್ಲಿ ಭತ್ತದ ಹುಲ್ಲು ಹಾಸಿ ಒಯ್ದೆವು. ಹುಡುಗನ ಸೋದರಮಾವ ತೆಪ್ಪ ಪಕ್ಕಕ್ಕೆ ಎಳೆದು ಜಾಗ ಮಾಡಿಕೊಟ್ಟ. “ಏನ್ಲಾ ಇದು, ನೀರಿನ ತೊಟ್ಟಿನ ಹೊತ್ಕೊಂಡ್ ಬಂದಿದೀಯಲ್ಲೋ!” ಎಂದು ನಕ್ಕವನು, ದೋಣಿ ನೀರಿನ ಮೇಲೆ ಕೂತು ಸಣ್ಣಗೆ ತೂಗಿದಾಗ ನೀರಿಗಿಳಿದು ಅದರ ಅಂಚು ತಟ್ಟಿ ನೋಡಿದ. ನೀರು ತುಂಬಿಸಿ ಒತ್ತಿದೆವು. ಮುಳುಗಿತು. ಕೈ ಬಿಟ್ಟೆವು. ಒಂದು ಕ್ಷಣ ಏನೂ ಕಾಣಲಿಲ್ಲ. ಆಮೇಲೆ ಎಮ್ಮೆ ಬೆನ್ನಿನಂತೆ ಅದರ ಅಂಚು ನಿಧಾನಕ್ಕೆ ಮೇಲೆದ್ದು ಬಂತು. ನಾನು ಗೆಳತಿಯ ಕಡೆ ತಿರುಗಿದೆ. ಅವಳು ಹುಡುಗನ ತೋಳು ಹಿಡಿದು ಅಲುಗಾಡಿಸುತ್ತಿದ್ದಳು.

ಮೊದಲ ಯೋಜನೆಯಲ್ಲಿ ರೇಸಿಗೆ ಕೂರಬೇಕಿದ್ದವರು ನಾವಿಬ್ಬರು ಹುಡುಗಿಯರು. ಅಲ್ಲಿಯೇ ಅವಳು ಅವನಿಗೆ, “ನನ್ ಜೊತೆ ನೀನ್ ಕೂತ್ಕೋ,” ಎಂದಳು. ಅವನು ನನ್ನ ಮುಖ ನೋಡಿದ. ನಾನು ಲೈಫ್ ಜಾಕೆಟ್ ಬಿಚ್ಚಿ ಅವನ ಕೈಗೆ ಕೊಟ್ಟೆ.

ರೇಸಿನ ದಿನ ದಡದಲ್ಲಿ ನಿಂತು ನೋಡಿದೆ. ಐದು ದೋಣಿಗಳಿದ್ದವು. ನೀರು ತುಂಬಿಸುವ ಪರೀಕ್ಷೆಯಲ್ಲೇ ಒಂದು ತಳ ಸೇರಿತು. ನಮ್ಮದು ಹೊರಡುವಾಗ ಎರಡನೆಯದಾಗಿತ್ತು. ತಿರುವಿನಲ್ಲಿ ಅಗಲವಾಗಿ ಹೋಗಿ ಹಿಂದೆ ಬಿದ್ದು, ಮೂರನೆಯದಾಗಿ ಬಂತು. ಗೆಳತಿಗೆ ಉಸಿರು ಸಿಗುತ್ತಿರಲಿಲ್ಲ, ಆದರೂ ನಗುತ್ತಿದ್ದಳು. ನಾನು ಟವೆಲ್ ಹಿಡಿದು ನೀರಿಗಿಳಿದೆ. ತೆಗೆದುಕೊಂಡಳು. ಫೋಟೋ ತೆಗೆಯುವಾಗ ದೂರ ನಿಂತಿದ್ದ ನನ್ನನ್ನು ನೋಡಿ, “ಬಾ. ಎರಕ ಹೊಯ್ದೋಳು ನೀನೂ,” ಎಂದಳು. ಹೋಗಿ ಹುಡುಗನ ಆಚೆ ಬದಿಗೆ ನಿಂತೆ.

ನಾನು ವಸಂತನರಸಾಪುರದ ಆ ಕೆಲಸಕ್ಕೆ ಸೇರಿದೆ, ಈಗಲೂ ಅಲ್ಲೇ ಇದ್ದೇನೆ. ಅವಳು ತುಮಕೂರಿನಲ್ಲೇ ಮನೆಗಳ ನಕ್ಷೆ ಮಾಡುವ ಒಂದು ಆಫೀಸಿನಲ್ಲಿದ್ದಾಳೆ. ಈ ವರ್ಷ ರಂಜಾನ್ ಹಬ್ಬಕ್ಕೆ ಧೈರ್ಯ ಮಾಡಿ ಉಪ್ಪಾರಹಳ್ಳಿಗೆ ಹೋದೆ. ಬಾಗಿಲು ತೆಗೆದವಳು ಒಂದು ಗಳಿಗೆ ನಿಂತು, “ಬಾ ಒಳಗೆ,” ಎಂದಳು. ಅಪ್ಪನ ಮಂಡಿನೋವು ಹೇಗಿದೆ ಎಂದು ಕೇಳಿದಳು. ನನ್ನ ಕೆಲಸ, ಅವಳ ಕೆಲಸ, ಅವಳ ತಮ್ಮನ ಪರೀಕ್ಷೆ, ಹೀಗೆ ಒಂದು ಗಂಟೆ ಮಾತಾಡಿದೆವು. ದೋಣಿಯ ಸುದ್ದಿ ಇಬ್ಬರೂ ಎತ್ತಲಿಲ್ಲ. ಕಾಲೇಜಿನ ದಿನಗಳಲ್ಲಿ ಅವರ ಮನೆಗೆ ಹೋದರೆ ಬಸ್ ಸ್ಟಾಪಿನವರೆಗೂ ಬಂದು ನನ್ನನ್ನು ಸ್ಟೇಷನ್ನಿನ ಬಸ್ಸು ಹತ್ತಿಸಿ ಹೋಗುತ್ತಿದ್ದವಳು ಅವಳು. ಆವತ್ತು ಗೇಟಿನವರೆಗೆ ಬಂದಳು.